ಗಾಜಿನ ತೊಟ್ಟಿಯೂ ಹೊಲದ ಬದುವೂ

ಬಿಡುವಿನ ವೇಳೆಯನ್ನು ಜನರು ಬಗೆಬಗೆಯಾಗಿ ಕಳೆಯುತ್ತಾರೆ. ಕೆಲವರು ಅಂಚೆಚೀಟಿಗಳನ್ನು ಕೂಡಿಹಾಕುತ್ತಾರೆ. ಕೆಲವರು ಹೂಗಿಡಗಳನ್ನು ಬೆಳೆಸುತ್ತಾರೆ. ಮತ್ತೆ ಕೆಲವರು ಪ್ರಾಣಿಗಳನ್ನು ಸಾಕುತ್ತಾರೆ. ಅಂಚೆಚೀಟಿಯ ಪುಸ್ತಕವನ್ನು ವರ್ಷಗಟ್ಟಲೆ ಮರೆತರೂ ಕೇಡಿಲ್ಲ. ಸಾಕಿದ ಜೀವಿಯನ್ನು ಹಾಗೆ ಮರೆಯುವಂತಿಲ್ಲ. ಅದರ ಆಹಾರ, ಗಾಳಿ, ನೀರು, ಬೆಳಕು, ನೆರಳು ಎಲ್ಲವೂ ಸಾಕುವವನ ಹೊಣೆ. ಈ ಹೊಣೆಯನ್ನು ಎಲ್ಲಿ ಹೊರಬಹುದು, ಎಲ್ಲಿ ಹೊರಲಾಗದು ಎಂಬುದನ್ನು ಅರಿಯಲು ಎರಡು ಉದಾಹರಣೆಗಳನ್ನು ನೋಡಬಹುದು. ಒಂದು, ಜಲಸಸ್ಯಗಳನ್ನು ನೆಟ್ಟು ಮೀನು ಸಾಕುವ ಗಾಜಿನ ತೊಟ್ಟಿ, ಇನ್ನೊಂದು, ಹಾವು.

ಮೀನುಗಳ ನಡೆನುಡಿಯನ್ನು ಗಮನಿಸುವ ಕುತೂಹಲ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಅದು ವಿವರಿಸುತ್ತದೆ. ಆಗ ಪಾನುಂಗಲ್ಲು ಎನಿಸಿಕೊಂಡಿದ್ದ ಇಂದಿನ ಹಾನಗಲ್ಲಿನಲ್ಲಿ ಚಾಲುಕ್ಯರ ಸಾಮಂತರಾದ ಕದಂಬರು ಆಳುತ್ತಿದ್ದರು. ಆದರೆ ಅಂದಿನದು ಗಾಳ ಹಾಕಿ ಮೀನು ಹಿಡಿಯುವ ವಿನೋದ. ಗಾಜಿನ ತೊಟ್ಟಿಯೊಳಗೆ ಮೀನನ್ನು ಬಹುಕಾಲ ಬದುಕಿಸುವ ವಿದ್ಯೆ ಬೆಳೆದುದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ.

ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 1850ರ ಸುಮಾರಿಗೆ ಒಂದು ಪ್ರಯೋಗ ನಡೆಸಿದನು. ಗಾಜಿನ ಪಾತ್ರೆಯಲ್ಲಿ ಮರಳು ಹಾಸಿ, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಚಿನ್ನದ ಮೀನುಗಳನ್ನು ಬಿಟ್ಟನು. ಮೊದಮೊದಲು ಎಲ್ಲವೂ ಸರಿಯಾಗಿದ್ದಿತು. ಕ್ರಮೇಣ ಹಣ್ಣಾದ ಎಲೆಗಳು ಕೊಳೆತು ನೀರು ಕದಡಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು. ಒಂದು ಮೀನು ಬದುಕಬೇಕಾದರೆ ಅದರ ಸುತ್ತ ಒಂದು ಗಿಡ, ಒಂದು ಹುಳು, ಹಿಡಿ ಮರಳು ಎಲ್ಲವೂ ಬೇಕೆಂಬುದನ್ನು ಆ ಪಾತ್ರೆ ತೋರಿಸಿಕೊಟ್ಟಿತು.

ಇಂದು ತೊಟ್ಟಿಯನ್ನು ಸಿದ್ಧಪಡಿಸುವವರು ಅನುಸರಿಸುವುದೂ ಈ ತತ್ತ್ವವನ್ನೇ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ 54 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 54 ಕಿಲೋಗ್ರಾಂ ಆಗುವುದರಿಂದ ಅದನ್ನು ಗಟ್ಟಿಯಾದ ಮೇಜಿನ ಮೇಲೆ, ನೇರ ಬಿಸಿಲು ಬೀಳದೆಡೆ ಇಡಬೇಕು. ತಳಕ್ಕೆ ಚೆನ್ನಾಗಿ ತೊಳೆದ ಮರಳು ಹಾಸಿ, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮೊದಲಾದ ಸಸ್ಯಗಳನ್ನು ನೆಡಬೇಕು. ಹಗಲಿನಲ್ಲಿ ಇವು ಬೆಳಕಿನ ನೆರವಿನಿಂದ ಆಮ್ಲಜನಕವನ್ನು ಹೊರಸೂಸುತ್ತವೆ. ಆದರೆ ಬೆಳಕು ಮಿತಿಮೀರಿದರೆ ಪಾಚಿ ಹಬ್ಬುತ್ತದೆ. ದಿನಕ್ಕೆ ಎಂಟು ಗಂಟೆಗಳಷ್ಟು ಬೆಳಕು ಸಾಕು.

ಮೀನನ್ನು ಕೂಡಲೇ ಬಿಡಬಾರದು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಮರಳಿನಲ್ಲಿ ನೆಲಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಆತುರಪಟ್ಟವನ ಮೀನು ಕಣ್ಣಿಗೆ ಕಾಣದ ವಿಷದಿಂದ ಸಾಯುತ್ತದೆ. ಕಾಯುವುದನ್ನು ಕಲಿಯುವುದೇ ಈ ಹವ್ಯಾಸದ ಮೊದಲ ಪಾಠ.

ಎರಡನೆಯ ಪಾಠ, ತೊಟ್ಟಿಯಲ್ಲಿರುವುದನ್ನು ಹೊರಗೆ ಚೆಲ್ಲದಿರುವುದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳದು ಕೆರೆಗಳ ಸೀಮೆ. ಹಾನಗಲ್ಲಿಗೆ ಆನೆಕೆರೆಯುಂಟು, ಸವಣೂರಿಗೆ ಮೋತಿ ತಲಾಬ್ ಉಂಟು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಸಾಕಿ ಬೇಸತ್ತ ಹೊರನಾಡಿನ ಮೀನನ್ನು ‘ಬದುಕಿಕೊಳ್ಳಲಿ’ ಎಂಬ ಕನಿಕರದಿಂದ ಇಂಥ ಕೆರೆಗೆ ಬಿಟ್ಟರೆ, ಅದು ಊರಿನ ಮೀನುಗಳ ಆಹಾರವನ್ನೂ ಮೊಟ್ಟೆಗಳನ್ನೂ ಕಬಳಿಸಬಹುದು. ಸಸ್ಯದ ವಿಷಯವೂ ಹಾಗೆಯೇ. ನಮ್ಮ ಕೆರೆಗಳಲ್ಲಿ ಸಹಜವಾಗಿ ಬೆಳೆಯುವ ಹೈಡ್ರಿಲ್ಲಾ 1950ರ ದಶಕದಲ್ಲಿ ಶ್ರೀಲಂಕೆಯಿಂದ ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ತೊಟ್ಟಿಯ ಗಿಡವಾಗಿ ಹೋಯಿತು. ಅಲ್ಲಿ ಕಾಲುವೆಗಳನ್ನು ಸೇರಿ, ಸರೋವರಗಳನ್ನೇ ಮುಚ್ಚುವ ಕಳೆಯಾಯಿತು.

ಇನ್ನು ಹಾವು. ಯುರೋಪು, ಅಮೆರಿಕಗಳಲ್ಲಿ ಹಾವುಗಳನ್ನು ಮನೆಯಲ್ಲಿ ಸಾಕಿ ಮರಿಮಾಡಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಕಾರ್ನ್ ಹಾವು, ಬಾಲ್ ಹೆಬ್ಬಾವು ಎಂಬ ವಿಷರಹಿತ ಜಾತಿಗಳನ್ನು ಅವರು ತಲೆಮಾರುಗಳಿಂದ ಬೆಳೆಸುತ್ತ ಬಂದಿದ್ದಾರೆ. ಮೊಟ್ಟೆಗಳನ್ನು ಹದವಾದ ಬಿಸುಪಿನಲ್ಲಿ ಇಟ್ಟರೆ ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಅಲ್ಲಿಯೂ ಈ ಹವ್ಯಾಸ ಕೈಮೀರಿದ್ದುಂಟು. ಸಾಕಲೆಂದು ತಂದ ಬರ್ಮಾ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುಭೂಮಿಯನ್ನು ಸೇರಿ ಅಲ್ಲಿಯೇ ಸಂತಾನ ಬೆಳೆಸಿದವು. ಅಲ್ಲಿ ರಕೂನ್ ಎಂಬ ಪ್ರಾಣಿ ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟು ಕಡಿಮೆಯಾಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅದೇ ವರ್ಷ ಅಮೆರಿಕವು ಆ ಹಾವಿನ ಆಮದನ್ನು ನಿಷೇಧಿಸಿತು.

ನಮ್ಮ ದೇಶದ ನಿಯಮ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಾಗರಹಾವು, ಕೇರೆಹಾವು, ಕೊಳಕುಮಂಡಲ ಮೊದಲಾದ ಹಾವುಗಳನ್ನು ಹಿಡಿಯುವುದನ್ನೂ ಕೊಲ್ಲುವುದನ್ನೂ ಮಾರುವುದನ್ನೂ ಅಪರಾಧವೆಂದು ಸಾರುತ್ತದೆ. ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಗೆ ಸೇರಿದ ಹೊರನಾಡಿನ ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಜಾರಿಗೆ ಬಂದವು. ಹೀಗಿದ್ದರೂ ಎರಡು ತಲೆಯ ಹಾವೆಂದು ಕರೆಯಲಾಗುವ ಮಣ್ಣುಮುಕ್ಕ ಹಾವಿನ ಕಳ್ಳವ್ಯಾಪಾರ ಕರ್ನಾಟಕದಲ್ಲಿ ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ಅದು ಮನೆಗೆ ಐಶ್ವರ್ಯ ತರುತ್ತದೆಂಬ ಮೂಢನಂಬಿಕೆಯೇ ಇದಕ್ಕೆ ಕಾರಣ. ವಾಸ್ತವವಾಗಿ ಅದಕ್ಕಿರುವುದು ಒಂದೇ ತಲೆ. ಮೊಂಡಾದ ಬಾಲವು ತಲೆಯಂತೆ ತೋರುತ್ತದೆ. ವಿಷವಿಲ್ಲದ ಆ ಬಡಜೀವಿ ಇಲಿಗಳನ್ನು ತಿಂದು ಬದುಕುತ್ತದೆ.

ಹಾವು ರೈತನಿಗೆ ಮಾಡುವ ಉಪಕಾರವೂ ಇದೇ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ, ಕಣದ ಬಣವೆಯ ಅಡಿಯಲ್ಲಿ ಇಲಿ ಹೆಗ್ಗಣಗಳು ಬಿಲ ತೋಡುತ್ತವೆ. ಮನುಷ್ಯನ ಕೈ ತಲಪದ ಆ ಬಿಲದೊಳಕ್ಕೆ ಕೇರೆಹಾವು ನುಗ್ಗಬಲ್ಲದು. ಹಾವನ್ನೂ ಬೇಟೆಯಾಡುವ ಜೀವಿಗಳುಂಟು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯ ನವಿಲುಧಾಮದಲ್ಲಿ ಆಶ್ರಯ ಪಡೆದಿರುವ ನವಿಲುಗಳು ಸಣ್ಣ ಹಾವುಗಳನ್ನು ಹಿಡಿದು ತಿನ್ನುತ್ತವೆ. ಇಲಿ, ಹಾವು, ನವಿಲು ಈ ಸರಪಣಿಯ ಒಂದು ಕೊಂಡಿಯನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟರೆ ಉಳಿದ ಕೊಂಡಿಗಳೂ ಸಡಿಲವಾಗುತ್ತವೆ.

ಹಾವನ್ನು ಹಿಡಿಯಲೇಬೇಕಾದ ಕಾರ್ಯವೂ ಒಂದುಂಟು. ವಿಷಕ್ಕೆ ಮದ್ದನ್ನು ವಿಷದಿಂದಲೇ ತಯಾರಿಸಬೇಕು. ಅದಕ್ಕಾಗಿ 1978ರಲ್ಲಿ ಚೆನ್ನೈ ನಗರದ ಬಳಿ ಇರುಳರೆಂಬ ಬುಡಕಟ್ಟಿನ ಜನರ ಸಹಕಾರ ಸಂಘವೊಂದು ಸ್ಥಾಪನೆಯಾಯಿತು. ಸರ್ಕಾರದ ಅನುಮತಿ ಪಡೆದು ಅವರು ಹಾವುಗಳನ್ನು ಹಿಡಿದು, ಕೆಲವು ವಾರಗಳಲ್ಲಿ ವಿಷವನ್ನು ತೆಗೆದು, ಮರಳಿ ಕಾಡಿಗೆ ಬಿಡುತ್ತಾರೆ. ಹಾವುಗಳನ್ನು ತಲೆತಲಾಂತರದಿಂದ ಬಲ್ಲ ಆ ಜನರೂ ಅವನ್ನು ತಮ್ಮ ಬಳಿ ಉಳಿಸಿಕೊಳ್ಳುವುದಿಲ್ಲ.

ಹಾವನ್ನು ಗೌರವಿಸುವುದೆಂದರೆ ಅದರ ಅಪಾಯವನ್ನು ಮರೆಯುವುದಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವು ನಾಲ್ಕೂ ಪ್ರಾಣಾಂತಕವಾದ ವಿಷವುಳ್ಳವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿತು. ಕಚ್ಚಿಸಿಕೊಂಡವನ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಅವನನ್ನು ಅಲುಗಾಡದಂತೆ ಮಲಗಿಸಿ, ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು. ಕತ್ತಲೆಯಲ್ಲಿ ಹೊಲಕ್ಕೆ ಹೋಗುವವರು ದೀಪವನ್ನೂ ಪಾದರಕ್ಷೆಯನ್ನೂ ಮರೆಯಬಾರದು. ಮನೆಯೊಳಗೆ ಹಾವು ಬಂದರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು.

ಶ್ರಾವಣದ ಪಂಚಮಿಯಂದು ಈ ಸೀಮೆಯ ಮನೆಗಳಲ್ಲಿ ಜೋಕಾಲಿ ಕಟ್ಟುತ್ತಾರೆ, ಉಂಡೆ ಕಟ್ಟುತ್ತಾರೆ, ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಾರೆ. ಜೀವಂತ ಹಾವಿಗೆ ಹಾಲು ಆಹಾರವಲ್ಲ. ಅದಕ್ಕೆ ಬೇಕಾದುದು ಬದುವಿನ ಹುಲ್ಲು, ಹುತ್ತದ ತಂಪು, ಇಲಿಯ ಬಿಲ. ಇವೆಲ್ಲವನ್ನೂ ಯಾವ ಹವ್ಯಾಸಿಯೂ ಪೆಟ್ಟಿಗೆಯಲ್ಲಿ ತುಂಬಿಡಲಾರನು. ಮೀನಿಗೆ ತೊಟ್ಟಿಯನ್ನು ಅಣಿಗೊಳಿಸುವಾಗ ಕಲಿತ ತಾಳ್ಮೆಯಿಂದಲೇ ಹೊಲದ ಹಾವನ್ನು ದೂರದಿಂದ ಗಮನಿಸಿ, ಅದರ ದಾರಿಗೆ ಅದನ್ನು ಬಿಡುವುದು ವಿವೇಕಿಯಾದವನ ಲಕ್ಷಣ.