ಪುಟ್ಟ ಹವಳದ ತೊಟ್ಟಿ: ತಿಳಿನೀರಿನ ಲೆಕ್ಕಾಚಾರ

ಮನೆಯಲ್ಲಿ ಹವಳ ಸಾಕುವ ಅನೇಕರು ನೀರು ತುಸು ಮಸುಕಾದ ಕೂಡಲೇ ಇನ್ನೊಂದು ಫಿಲ್ಟರ್ ಕೊಳ್ಳಲು ಹೊರಡುತ್ತಾರೆ. ಅರವತ್ತು ಲೀಟರಿನಂಥ ಸಣ್ಣ ತೊಟ್ಟಿಗೆ ಬಹುತೇಕ ಅದರ ಅಗತ್ಯವಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುವ ನೀರೆಲ್ಲ ಹವಳಕ್ಕೆ ಒಗ್ಗುವ ನೀರಲ್ಲ. ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ನೀರಿನ ಹಳದಿ ಛಾಯೆ ಬೇಗನೆ ಹೋಗುತ್ತದೆ. ಆದರೆ ನೀರಿನಲ್ಲಿ ಕರಗಿರುವ ನೈಟ್ರೇಟ್ ಇದ್ದಷ್ಟೇ ಉಳಿಯುತ್ತದೆ. ಸಣ್ಣ ತೊಟ್ಟಿಯ ಶೋಧನೆ ಜಮಾ-ಖರ್ಚಿನ ಲೆಕ್ಕವಿದ್ದಂತೆ. ಒಳಗೆ ಹೋಗುವುದನ್ನು ಮಿತಿಯಲ್ಲಿಟ್ಟು, ಒಳಗೆ ಹುಟ್ಟಿದ್ದನ್ನು ತಪ್ಪದೆ ಹೊರಗೆ ತೆಗೆದರೆ ನೀರು ತಾನಾಗಿ ತಿಳಿಯಾಗುತ್ತದೆ. ಯಂತ್ರಗಳು ಈ ಕೆಲಸಕ್ಕೆ ನೆರವಾಗುತ್ತವೆ, ಅಷ್ಟೇ.

ಮೊದಲ ಹೆಜ್ಜೆ: ನೀರಿನ ಮೂಲ

ಬೋರ್‌ವೆಲ್ ನೀರಿನಲ್ಲಿ ಗಡಸು ಲವಣಗಳ ಜೊತೆಗೆ ನೈಟ್ರೇಟ್ ಕೂಡ ಇರಬಹುದು, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರವಾಗಿ ಬಳಸಬಾರದು. ‘ಮನೆಯಲ್ಲಿ ಆರ್‌ಒ ಇದೆಯಲ್ಲ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ಅನೇಕವು ರುಚಿಗಾಗಿ ಖನಿಜಾಂಶವನ್ನು ಮರಳಿ ಸೇರಿಸುತ್ತವೆ. ನಮಗೆ ಒಳ್ಳೆಯದಾದ ಆ ನೀರು ತೊಟ್ಟಿಗೆ ಒಗ್ಗದಿರಬಹುದು. ಆರ್‌ಒ ನಂತರ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಹಾಯ್ದು ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರೇ ಬೇಕು. ಇದಕ್ಕೆ ಹವಳದ ತೊಟ್ಟಿಗೆಂದೇ ತಯಾರಾದ ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಬೆರೆಸಿ, ಪೂರ್ತಿ ಕರಗಿ ತಿಳಿಯಾಗುವವರೆಗೆ ಪಂಪ್ ಓಡಿಸಬೇಕು. ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಕರಾವಳಿಯವರು ಸಮುದ್ರದ ನೀರನ್ನೇ ತರಬಾರದೇಕೆ ಎಂದು ಕೇಳಬಹುದು. ದಡದ ನೀರಿನಲ್ಲಿ ಕೆಸರು, ಚರಂಡಿ ನೀರು, ದೋಣಿಗಳ ಎಣ್ಣೆ ಬೆರೆತಿರುವ ಸಾಧ್ಯತೆಯಿದೆ. ಮಳೆಗಾಲದಲ್ಲಿ ನದಿಗಳ ಸಿಹಿನೀರು ಸೇರಿ ಲವಣಾಂಶವೂ ಇಳಿಯುತ್ತದೆ. ಪ್ರತಿ ವಾರ ಒಂದೇ ಗುಣದ ನೀರು ಸಿಗುವ ಭರವಸೆ ಅಲ್ಲಿಲ್ಲ.

ಎರಡನೆಯ ಹೆಜ್ಜೆ: ಕಲ್ಲೇ ಫಿಲ್ಟರ್

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳಿಗೆ ಬೇಕಾದದ್ದು ರಂಧ್ರಗಳಿರುವ ಕಲ್ಲು ಮತ್ತು ಅದರ ಸುತ್ತ ಹರಿಯುವ ನೀರು. ಇಂಥ ಜೀವಿಗಳು ನೆಲೆಸಿದ ‘ಜೀವಂತ ಕಲ್ಲು’ ಮತ್ತು ಗಾಳಿಯ ಗುಳ್ಳೆಗಳ ಬಲದಿಂದಲೇ ತೊಟ್ಟಿಯಲ್ಲಿ ಹವಳ ಸಾಕಬಹುದೆಂದು ಜಕಾರ್ತದ ಲೀ ಚಿನ್ ಎಂಗ್ 1961ರಲ್ಲೇ ಬರೆದು ತೋರಿಸಿದ್ದರು. ಇಂದು ಸಮುದ್ರದಿಂದ ಕಲ್ಲು ಕೀಳುವ ಅಗತ್ಯವಿಲ್ಲ. ಒಣ ಕಲ್ಲು ಜೋಡಿಸಿ, ಬ್ಯಾಕ್ಟೀರಿಯಾ ದ್ರಾವಣದಿಂದ ಆರಂಭಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ಹಾಲಿನಂತೆ ನೀರು ಮಸುಕಾಗುವುದು ಬ್ಯಾಕ್ಟೀರಿಯಾಗಳ ಹೆಚ್ಚಳದಿಂದ. ಅದು ತಾನಾಗಿ ತಿಳಿಯಾಗುತ್ತದೆ. ಕಲ್ಲು ಸಿದ್ಧವಾದ ಮೇಲೆ ಹವಳ ತರುವಾಗ, ನಮ್ಮ ಸಮುದ್ರದಿಂದ ಅದನ್ನು ಕೀಳುವ ಯೋಚನೆಯನ್ನಂತೂ ಯಾರೂ ಮಾಡಬಾರದು. ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಹವಳಗಳೂ ಅದರಲ್ಲಿ ಸೇರಿವೆ. ತೊಟ್ಟಿಯಲ್ಲೇ ಬೆಳೆಸಿದ, ದಾಖಲೆಯಿರುವ ಮೆದು ಹವಳಗಳಿಂದ ಆರಂಭಿಸುವುದು ಕಾನೂನಿಗೂ ಒಳ್ಳೆಯದು, ಹೊಸಬರಿಗೂ ಸುಲಭ.

ಮೂರನೆಯ ಹೆಜ್ಜೆ: ಕಸ ಕೊಳೆಯುವ ಮುನ್ನ ತೆಗೆಯಿರಿ

ತೇಲುವ ಕಣಗಳನ್ನು ಹಿಡಿಯಲು ಬಿಳಿ ಫಿಲ್ಟರ್ ಹತ್ತಿ ಸಾಕು. ಆದರೆ ಅದನ್ನು ಎರಡು-ಮೂರು ದಿನಕ್ಕೊಮ್ಮೆ ಬದಲಿಸಲೇಬೇಕು. ಹತ್ತಿ ಕಸವನ್ನು ನೀರಿನಿಂದ ಹೊರಗೆ ಹಾಕುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಮಾತ್ರ. ಅಲ್ಲೇ ಬಿಟ್ಟರೆ ಕಸ ಕೊಳೆತು ಮತ್ತೆ ನೀರಿಗೇ ಸೇರುತ್ತದೆ. ಫಿಲ್ಟರ್ ಇದ್ದೂ ನೈಟ್ರೇಟ್ ಏರುವುದಕ್ಕೆ ಹೆಚ್ಚಿನ ಕಡೆ ಇದೇ ಕಾರಣ. ಕಾರ್ಬನ್ನಿನ ಸಣ್ಣ ಚೀಲವನ್ನು ಚೆನ್ನಾಗಿ ತೊಳೆದು ಇಟ್ಟು, ಮೂರು-ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಲೆದರ್ ಹವಳದಂಥ ಮೆದು ಹವಳಗಳು ನೆರೆಯ ಹವಳಗಳನ್ನು ದೂರವಿಡಲು ಬಿಡುವ ರಾಸಾಯನಿಕಗಳನ್ನೂ ಕಾರ್ಬನ್ ಹೀರಿಕೊಳ್ಳುತ್ತದೆ. ನೀರಿನ ಹರಿವು ಗಂಟೆಗೆ ತೊಟ್ಟಿಯ ಗಾತ್ರದ ಇಪ್ಪತ್ತು ಪಟ್ಟು, ಅಂದರೆ ಅರವತ್ತು ಲೀಟರಿಗೆ 1,200 ಲೀಟರ್ ಆಸುಪಾಸು ಇದ್ದರೆ ಕಲ್ಲಿನ ಸಂದಿಯಲ್ಲಿ ಕಸ ಕೂರುವುದು ಕಡಿಮೆ. ಪ್ರೋಟೀನ್ ಸ್ಕಿಮ್ಮರ್ ಬೇಡವೇ? ನೊರೆಯೊಂದಿಗೆ ಸಾವಯವ ಕೊಳೆಯನ್ನು ಹೊರಗೆಳೆಯುವ ಅದು ನಿಜಕ್ಕೂ ಉಪಯುಕ್ತ. ಮೀನು ಹೆಚ್ಚಿರುವ ತೊಟ್ಟಿಗೆ ಬೇಕೂ ಹೌದು. ಒಂದೆರಡು ಸಣ್ಣ ಮೀನಿರುವ ತೊಟ್ಟಿಯಲ್ಲಿ ಅದೇ ಕೆಲಸವನ್ನು ವಾರದ ನೀರು ಬದಲಾವಣೆ ಮಾಡುತ್ತದೆ.

ನಾಲ್ಕನೆಯ ಹೆಜ್ಜೆ: ವಾರದ ಲೆಕ್ಕ

ವಾರಕ್ಕೆ ನೈಟ್ರೇಟ್ 2 ಪಿಪಿಎಂ ಏರುವ ತೊಟ್ಟಿಯೊಂದನ್ನು ತೆಗೆದುಕೊಳ್ಳಿ. ಪ್ರತಿ ವಾರ ಶೇ 10ರಷ್ಟು ನೀರು ಬದಲಿಸಿದರೂ ಅದು ನಿಧಾನವಾಗಿ ಏರುತ್ತಾ 20 ಪಿಪಿಎಂ ಹತ್ತಿರ ಬಂದು ನಿಲ್ಲುತ್ತದೆ. ಶೇ 20ರಷ್ಟು ಬದಲಿಸಿದರೆ 10ಕ್ಕೆ ನಿಲ್ಲುತ್ತದೆ. ಶೇ 10ನ್ನೇ ಉಳಿಸಿಕೊಂಡು ಆಹಾರ ತಗ್ಗಿಸಿ, ವಾರದ ಏರಿಕೆಯನ್ನು 1 ಪಿಪಿಎಂಗೆ ಇಳಿಸಿದರೂ ಅದೇ 10. ಅಂದರೆ, ಅರ್ಧ ಚಿಟಿಕೆ ಕಡಿಮೆ ಹಾಕುವ ಕೈ ಎರಡು ಪಟ್ಟು ನೀರು ಹೊರುವ ಶ್ರಮ ಉಳಿಸುತ್ತದೆ. ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಶೈತ್ಯೀಕರಿಸಿದ ಆಹಾರವನ್ನು ಕರಗಿಸಿ, ಸೋಸಿ ಹಾಕಿ.

ಆವಿಯಾಗುವ ನೀರನ್ನು ಮರೆಯುವಂತಿಲ್ಲ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಅರವತ್ತು ಲೀಟರಿನಲ್ಲಿ ಮೂರು ಲೀಟರ್ ತಗ್ಗಿದರೆ ಲವಣಾಂಶ 35ರಿಂದ ಸುಮಾರು 37ಕ್ಕೆ ಏರುತ್ತದೆ. ಹಾಗಾಗಿ ದಿನವೂ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಿಸಬೇಕು. ಸಣ್ಣ ತೊಟ್ಟಿ ಸುಲಭ ಎಂಬ ನಂಬಿಕೆ ತಪ್ಪಾಗುವುದು ಇಲ್ಲಿಯೇ: ನೀರು ಕಡಿಮೆಯಿದ್ದಷ್ಟೂ ಏರುಪೇರು ತೀವ್ರ.

ಮಸುಕು ನೀರಿನ ಸುಳಿವುಗಳು

ಹಸಿರು ನೀರು ಸೂಕ್ಷ್ಮ ಪಾಚಿಯ ಗುರುತು. ಬೆಳಕಿನ ಅವಧಿ ಮತ್ತು ಆಹಾರ ಎರಡನ್ನೂ ತಗ್ಗಿಸಿ. ಹಳದಿ ನೀರು ಕಾರ್ಬನ್ ಹಳೆಯದಾಗಿದೆ ಎನ್ನುತ್ತದೆ. ಹಳೆಯ ತೊಟ್ಟಿಯಲ್ಲಿ ನೀರು ಇದ್ದಕ್ಕಿದ್ದಂತೆ ಹಾಲಾದರೆ ಒಳಗೆ ಯಾವುದೋ ಜೀವಿ ಸತ್ತಿರಬಹುದು; ಹುಡುಕಿ ತೆಗೆದು, ಅಮೋನಿಯಾ ಪರೀಕ್ಷಿಸಿ, ಗಾಳಿ ಪಂಪ್ ಹಾಕಿ. ಹವಳಕ್ಕೆಂದು ಹಾಕುವ ಸುಣ್ಣದಂಶದ (ಕ್ಯಾಲ್ಸಿಯಂ) ದ್ರಾವಣವನ್ನು ಅವಸರದಲ್ಲಿ ಸುರಿದಾಗಲೂ ನೀರು ಬೆಳ್ಳಗಾಗುತ್ತದೆ. ಕಾರಣ ತಿಳಿಯದೆ ಔಷಧಿ ಹಾಕಬೇಡಿ. ತಾಮ್ರವಿರುವ ಔಷಧಿ ಹವಳಕ್ಕೆ ವಿಷ.

ಸೊನ್ನೆಯೂ ಗುರಿಯಲ್ಲ

ಇಷ್ಟೆಲ್ಲ ಹೇಳಿದ ಮೇಲೆ ನೈಟ್ರೇಟ್ ಸೊನ್ನೆಗೆ ಇಳಿಸುವುದೇ ಉತ್ತಮವೆಂದು ತೋರಬಹುದು. ಅದೂ ತಪ್ಪೇ. ಹವಳದ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಗೂ ಸಾರಜನಕ, ರಂಜಕ ಬೇಕು. ಎರಡೂ ಪೂರ್ತಿ ಬರಿದಾದ ತೊಟ್ಟಿಯಲ್ಲಿ ಹವಳ ಬಿಳಿಚುತ್ತದೆ, ಕಂದು ಲೋಳೆಯಂಥ ಡೈನೋಫ್ಲ್ಯಾಜೆಲೇಟ್ ಹರಡುವ ಅಪಾಯವೂ ಇದೆ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದು, ವಾರದಿಂದ ವಾರಕ್ಕೆ ಹೆಚ್ಚು ಏರಿಳಿಯದಿದ್ದರೆ ಸಾಕು.

ಆದ್ದರಿಂದ ಹೊಸ ಯಂತ್ರಕ್ಕೆ ಹಣ ಹಾಕುವ ಮುನ್ನ ಟೆಸ್ಟ್ ಕಿಟ್, ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಮತ್ತು ಒಂದು ನೋಟ್‌ಬುಕ್ ಕೊಳ್ಳಿ. ವಾರಕ್ಕೊಂದು ದಿನ ಗೊತ್ತು ಮಾಡಿ, ಮೊದಲು ಪರೀಕ್ಷೆ, ಬಳಿಕ ಕಲ್ಲಿನ ಮೇಲಿನ ಕಸ ಎಬ್ಬಿಸಿ ಸೈಫನ್ ಮಾಡುವುದು, ಕೊನೆಗೆ ಅದೇ ಉಷ್ಣತೆ, ಅದೇ ಲವಣಾಂಶದ ಹೊಸ ನೀರು ತುಂಬುವುದು ಎಂಬ ಕ್ರಮ ಪಾಲಿಸಿ. ಎರಡು ತಿಂಗಳ ಅಂಕಿಗಳನ್ನು ಸಾಲಾಗಿ ನೋಡಿದಾಗ, ತೊಟ್ಟಿಗೆ ಇನ್ನೊಂದು ಫಿಲ್ಟರ್ ಬೇಕೋ, ಆಹಾರ ಹಾಕುವ ಕೈ ಬಿಗಿಯಾಗಬೇಕೋ ಎಂಬುದು ಸ್ಪಷ್ಟವಾಗುತ್ತದೆ.