ಸರ್ವರ್ ಯಂತ್ರದ ದುರಸ್ತಿಗೆ ಮುನ್ನ

ಅನೇಕ ಗಣಕಯಂತ್ರಗಳಿಗೆ ಬೇಕಾದ ಮಾಹಿತಿಯನ್ನು ಹಗಲಿರುಳೂ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ರೋಗಿಗಳ ವಿವರ, ಬ್ಯಾಂಕಿನ ಲೆಕ್ಕ, ವಿದ್ಯಾರ್ಥಿಗಳ ಅಂಕಪಟ್ಟಿ ಮೊದಲಾದುವು ಅದರ ಒಡಲಲ್ಲಿರುತ್ತವೆ. ಆದುದರಿಂದ ಅದು ಕೆಟ್ಟೊಡನೆ ಮುಚ್ಚಳ ತೆರೆಯುವುದು ಜಾಣತನವಲ್ಲ. ದುರಸ್ತಿಯ ಯಶಸ್ಸು ಬಹುಮಟ್ಟಿಗೆ ಪೂರ್ವಸಿದ್ಧತೆಯನ್ನೇ ಅವಲಂಬಿಸಿದೆ.

ಮೊದಲನೆಯದು ಮಾಹಿತಿಯ ರಕ್ಷಣೆ. ಅದರ ಪ್ರತಿಯೊಂದು ಬೇರೆಡೆ ಇದೆಯೆಂಬುದನ್ನೂ, ಆ ಪ್ರತಿಯನ್ನು ಮರಳಿ ಓದಲು ಬರುವುದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಸೂಚಕ ದೀಪಗಳ ಸ್ಥಿತಿಯನ್ನೂ ಯಂತ್ರವು ತೋರುವ ದೋಷಸಂದೇಶಗಳನ್ನೂ ಬರೆದಿಟ್ಟುಕೊಳ್ಳಬೇಕು. ವಿದ್ಯುತ್ತು ಕಡಿದೊಡನೆ ದೀಪಗಳ ಸಾಕ್ಷ್ಯ ಅಳಿದುಹೋಗುತ್ತದೆ. ಡಿಸ್ಕುಗಳನ್ನು ಹೊರತೆಗೆಯುವುದಾದರೆ ಯಾವುದು ಯಾವ ಸ್ಥಾನದ್ದೆಂದು ಚೀಟಿ ಅಂಟಿಸತಕ್ಕದ್ದು.

ಎರಡನೆಯದು ಜೀವರಕ್ಷಣೆ. ಅನೇಕ ಸರ್ವರುಗಳಿಗೆ ಎರಡು ವಿದ್ಯುತ್ ಘಟಕಗಳಿರುತ್ತವೆ. ಒಂದರ ತಂತಿಯನ್ನು ಕಿತ್ತರೂ ಇನ್ನೊಂದರಿಂದ ಯಂತ್ರ ನಡೆಯುತ್ತಲೇ ಇರುತ್ತದೆ. ಗುಂಡಿ ಒತ್ತಿ ನಿಲ್ಲಿಸಿದರೂ ತಂತಿ ಇರುವವರೆಗೆ ಕೆಲವು ಭಾಗಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆದ್ದರಿಂದ ಎರಡೂ ತಂತಿಗಳನ್ನು ಕೀಳಬೇಕು. ಆ ಬಳಿಕವೂ ಘಟಕದೊಳಗಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಕಾಲ 300 ವೋಲ್ಟಿಗೂ ಮೀರಿದ ವಿದ್ಯುತ್ತು ನಿಂತಿರಬಹುದು. ಕೆಟ್ಟ ಘಟಕವನ್ನು ಬದಲಿಸಬೇಕೇ ಹೊರತು ಬಿಚ್ಚಬಾರದು. ದೊಡ್ಡ ಸರ್ವರುಗಳು 20 ಕಿಲೋಗ್ರಾಮಿಗೂ ಹೆಚ್ಚು ತೂಗುವುದರಿಂದ ಇಬ್ಬರು ಸೇರಿ ಎತ್ತಬೇಕು. ಒಂದೇ ರ‍್ಯಾಕಿನಿಂದ ಎರಡನ್ನು ಒಮ್ಮೆಗೇ ಹೊರಕ್ಕೆಳೆದರೆ ರ‍್ಯಾಕೇ ಮುಂದಕ್ಕೆ ಉರುಳಬಹುದು.

ಮೂರನೆಯದು ಸ್ಥಿರವಿದ್ಯುತ್ತಿನ ನಿವಾರಣೆ. ಸುಮಾರು 3000 ವೋಲ್ಟಿಗಿಂತ ಕಡಿಮೆಯಾದ ಸ್ಥಿರವಿದ್ಯುತ್ತಿನ ತಾಕು ನಮ್ಮ ಬೆರಳಿಗೆ ಸಾಮಾನ್ಯವಾಗಿ ತಿಳಿಯದು. ಆದರೆ ಕೆಲವು ಸೂಕ್ಷ್ಮ ಭಾಗಗಳು 100 ವೋಲ್ಟಿಗೂ ಕಡಿಮೆಯಲ್ಲೇ ಕೆಡಬಲ್ಲವು. ಹಾಗೆ ಪೆಟ್ಟು ತಿಂದ ಭಾಗವು ಅಂದೇ ನಿಲ್ಲದೆ ತಿಂಗಳುಗಳ ತರುವಾಯ ಕೈಕೊಡುವುದೂ ಉಂಟು. ಆಗ ಕಾರಣವನ್ನು ಹುಡುಕುವುದು ಕಷ್ಟ. ಇದಕ್ಕಾಗಿ ಮಣಿಕಟ್ಟಿಗೆ ಪಟ್ಟಿಯನ್ನು ಕಟ್ಟಿ, ಅದರ ತಂತಿಯನ್ನು ಭೂಸಂಪರ್ಕವುಳ್ಳ ರ‍್ಯಾಕಿನ ಬಣ್ಣವಿಲ್ಲದ ಲೋಹಭಾಗಕ್ಕೆ ಜೋಡಿಸಬೇಕು. ಪಟ್ಟಿಯಲ್ಲಿ 1 ಮೆಗಾಓಮಿನ ರೋಧಕವಿರುತ್ತದೆ. ಅಕಸ್ಮಾತ್ 230 ವೋಲ್ಟಿನ ತಂತಿ ಕೈಗೆ ತಗಲಿದರೆ, ಪಟ್ಟಿಯ ಮೂಲಕ ಹರಿಯುವ ಪ್ರವಾಹವನ್ನು ಅದು 0.23 ಮಿಲಿಆಂಪಿಯರಿಗೆ ತಡೆಯುತ್ತದೆ. ಬರಿಯ ತಂತಿಯನ್ನು ಕೈಗೆ ಸುತ್ತಿಕೊಂಡರೆ ಈ ರಕ್ಷಣೆ ಇಲ್ಲ.

ಇಷ್ಟಾದ ಮೇಲೆಯೇ ಪರೀಕ್ಷೆ. ಒಮ್ಮೆಗೆ ಒಂದೇ ಭಾಗವನ್ನು ಬದಲಿಸಿ ಫಲವನ್ನು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದು. ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಹೋದ ಜೀವವನ್ನೂ ಅಳಿದ ದಾಖಲೆಯನ್ನೂ ಕೊಳ್ಳಲಾಗದು. ಸಿದ್ಧತೆಗೆ ಕಳೆದ ಅರ್ಧ ಗಂಟೆ ವ್ಯರ್ಥವಲ್ಲವೆಂಬುದನ್ನು ಈ ಕೆಲಸ ಕಲಿಯುವ ವಿದ್ಯಾರ್ಥಿಗೆ ಮೊದಲ ದಿನವೇ ಮನಗಾಣಿಸಬೇಕು.