ಕ್ಲಿಪ್ ಹಾಕಿಸುವ ಮುನ್ನ

ಮಗಳೇ,

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಮನೆಗಳಲ್ಲಿ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವ ಮಾತೆದ್ದರೆ ಮೊದಲು ಬರುವ ಪ್ರಶ್ನೆಗಳು ಎರಡು: ಎಷ್ಟು ರೊಕ್ಕ, ಎಷ್ಟು ದಿನ. ಕೇಳಲೇಬೇಕಾದವೇ. ಆದರೆ ಇದರಿಂದ ಏನಾಗಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವ್ವನ ಮನಸ್ಸಿನಲ್ಲಿ ಗಂಡಿನವರು ನೋಡಲು ಬರುವ ದಿನವಿರುತ್ತದೆ. ಅಪ್ಪನಿಗೆ ಒಂದು ಸಲ ಖರ್ಚು ಮಾಡಿ ಮುಗಿಸಿಬಿಡುವ ಲೆಕ್ಕ. ನಿನಗೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಗುವ ಆಸೆ. ವೈದ್ಯರು ನೋಡುವುದು ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂಡುತ್ತದೆಯೇ ಎಂದು. ನಾಲ್ವರೂ ನಾಲ್ಕು ಫಲ ಬಯಸಿದರೆ, ಹಲ್ಲು ನೇರವಾದ ಮೇಲೂ ಮನೆಯಲ್ಲಿ ಅಸಮಾಧಾನ ಉಳಿಯುತ್ತದೆ. ಆದ್ದರಿಂದ ಹಲ್ಲಿಗಿಂತ ಮೊದಲು ನಿರೀಕ್ಷೆಗಳನ್ನು ಸರಿಮಾಡಿಕೊಳ್ಳಬೇಕು ಎನ್ನುವುದು ನನ್ನ ಮಾತು.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ತಂತಿ ಮೆಲ್ಲಗೆ ಒತ್ತಿದಾಗ ಬೇರಿನ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಕಟ್ಟುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಒಂದೂವರೆ, ಎರಡು ವರ್ಷ ಹಿಡಿಯುವುದು ಇದಕ್ಕೇ. 'ಜಾಸ್ತಿ ಬಿಗಿ ಮಾಡ್ರಿ, ಬೇಗ ಮುಗೀಲಿ' ಎಂದು ವೈದ್ಯರನ್ನು ಅವಸರಪಡಿಸಿದರೆ ಹಲ್ಲಿನ ಬೇರಿಗೇ ಪೆಟ್ಟು. ಜಾಗ ಸಾಲದಾಗ ಒಳ್ಳೆಯ ಹಲ್ಲನ್ನೂ ಕೀಳಬೇಕಾಗಬಹುದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಆದರೂ ಕೀಳುವುದು ಯಾಕೆ, ಕೀಳದಿದ್ದರೆ ಏನಾಗುತ್ತದೆ ಎಂದು ಕೇಳುವ ಹಕ್ಕು ನಿನಗಿದೆ. ಇನ್ನು ಬಣ್ಣದ ಮಾತು. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಹಳೆಯ ಮಹಬೂಬ್‌ನಗರ ಜಿಲ್ಲೆ, ಹೊಳೆಯಾಚೆಯ ರಾಯಚೂರು ಜಿಲ್ಲೆ, ಎರಡರಲ್ಲೂ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಎಳವೆಯಲ್ಲಿ ಆ ನೀರು ಕುಡಿದವರ ಹಲ್ಲಿನ ಕಂದು ಕಲೆ ಹಲ್ಲಿನ ಹೊರಪದರದ ಒಳಗೇ ಇರುತ್ತದೆ. ಕ್ಲಿಪ್ ಅದನ್ನು ತೆಗೆಯುವುದಿಲ್ಲ. ಅಂಥ ಹಲ್ಲಿಗೆ ಅಂಟು ಸರಿಯಾಗಿ ಹಿಡಿಯದೆ ಕ್ಲಿಪ್ ಪದೇಪದೇ ಕಳಚುವುದೂ ಉಂಟು. ಸಾಲೂ ನೇರ, ಬಣ್ಣವೂ ಬಿಳಿ ಎಂದುಕೊಂಡು ಹೋದವರು ಎರಡು ವರ್ಷದ ನಂತರ ನೇರ ಸಾಲಿನಲ್ಲಿ ಅದೇ ಕಲೆ ಕಂಡು ನೊಂದುಕೊಳ್ಳುತ್ತಾರೆ.

ಹಲ್ಲು ಸರಿಹೋದರೆ ಮಗುವಿಗೆ ಧೈರ್ಯ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನೂ ತೂಗಿ ನೋಡಬೇಕು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ 11 ವರ್ಷದ ಆಸುಪಾಸಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 20 ವರ್ಷಗಳ ನಂತರ ಅವರಲ್ಲಿ 337 ಮಂದಿಯನ್ನು ಮತ್ತೆ ನೋಡಿದರು. ಚಿಕಿತ್ಸೆ ಪಡೆದವರ ಹಲ್ಲು ಚೆನ್ನಾಗಿತ್ತು, ಹಲ್ಲಿನ ಬಗ್ಗೆ ತೃಪ್ತಿಯೂ ಇತ್ತು. ಆದರೆ ತಮ್ಮ ಬಗೆಗಿನ ಒಟ್ಟು ಆತ್ಮಗೌರವದಲ್ಲಿ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 'ಕಾರ್ಡಿಫ್ ನಮಗ್ಯಾಕೆ? ಇಲ್ಲಿ ಉಬ್ಬುಹಲ್ಲಿನ ಹುಡುಗಿಯನ್ನು ಸಂಬಂಧ ಕೂಡಿಸುವವರ ಮುಂದೆ ಕೂಡಿಸುವುದು ನಾವು' ಎಂದು ಅವ್ವ ಕೇಳಬಹುದು. ಆಕೆಯ ಆತಂಕ ಸುಳ್ಳಲ್ಲ. ಶಾಲೆಯಲ್ಲಿ ಅಡ್ಡಹೆಸರಿಟ್ಟು ಕರೆಯುವುದೂ ಸುಳ್ಳಲ್ಲ. ಮುಂದೆ ಚಾಚಿದ ಹಲ್ಲು ಬಿದ್ದಾಗ ಮುರಿಯುವ ಸಂಭವ ಹೆಚ್ಚು. ಅಷ್ಟರಿಂದಲೇ ಚಿಕಿತ್ಸೆಗೆ ಗಟ್ಟಿ ಕಾರಣವಿದೆ. ನಾನು ಬೇಡವೆನ್ನುತ್ತಿಲ್ಲ. ಹಲ್ಲಿಗೆ ಮಾಡುವ ಚಿಕಿತ್ಸೆಯ ಮೇಲೆ ಮದುವೆಯ ಭಾರ ಹೊರಿಸಬೇಡಿ, ಹುಡುಗಿಯ ಬೆಲೆಯನ್ನು ಅದಕ್ಕೆ ಕಟ್ಟಬೇಡಿ ಎನ್ನುತ್ತಿದ್ದೇನೆ.

ಇನ್ನು ಅಪ್ಪನ ಲೆಕ್ಕ. ತಂತಿ ಬಿಚ್ಚಿದ ದಿನ ಕೆಲಸ ಮುಗಿಯುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಹಲ್ಲು ಕೀಳಿಸಿ ಚಿಕಿತ್ಸೆ ಪಡೆದ 65 ಮಂದಿಯನ್ನು, ರಿಟೇನರ್ (ಸರಿಹೋದ ಹಲ್ಲು ಹಿಂದಕ್ಕೆ ಸರಿಯದಂತೆ ಹಿಡಿದಿಡುವ ಸಾಧನ) ಬಿಟ್ಟು ಕನಿಷ್ಠ 10 ವರ್ಷವಾದ ಮೇಲೆ ಪರೀಕ್ಷಿಸಿದಾಗ, ಮೂವರಲ್ಲಿ ಇಬ್ಬರ ಕೆಳಗಿನ ಮುಂಭಾಗದ ಹಲ್ಲುಗಳು ಮತ್ತೆ ಒತ್ತೊತ್ತಾಗಿದ್ದವು. ಹಾಗಾಗಿ ರಿಟೇನರ್ ತೊಡುವುದೂ ಚಿಕಿತ್ಸೆಯೇ, ಅದೂ ವರ್ಷಗಟ್ಟಲೆ. 'ಕೂಲಿ ಬಿಟ್ಟು ತಿಂಗಳಿಗೊಮ್ಮೆ ಓಡಾಡಲು ಆಗುತ್ತದೆಯೇ?' ಎಂಬ ಆಕ್ಷೇಪ ನ್ಯಾಯವಾದದ್ದು. ಎಲ್ಲಿಗೆ ಹೋಗುವುದೆಂದರೆ, ರಾಯಚೂರಿನಲ್ಲಿ ಎಎಂಇ, ನವೋದಯ ದಂತ ಕಾಲೇಜುಗಳಿವೆ, ಮಹಬೂಬ್‌ನಗರದಲ್ಲಿ ಎಸ್‌ವಿಎಸ್ ಇದೆ. ಹೊರಡುವ ಮೊದಲೇ ಬಸ್ಸಿನ ಖರ್ಚು, ತಪ್ಪುವ ಕೂಲಿ, ಕಳಚಿದ ಕ್ಲಿಪ್ ಮತ್ತೆ ಹಚ್ಚಿಸುವ ಖರ್ಚು, ರಿಟೇನರಿನದು, ಎಲ್ಲವನ್ನೂ ಬರೆದು ಕೂಡಿಸಿರಿ. ಆ ಮೊತ್ತ ಕೈಗೆ ಎಟುಕದಿದ್ದರೆ ಅರ್ಧಕ್ಕೆ ಬಿಡುವುದಕ್ಕಿಂತ ಒಂದೆರಡು ವರ್ಷ ತಡೆದು ಶುರುಮಾಡುವುದು ಮೇಲು. ನಿನ್ನ ಚಿಕಿತ್ಸೆ ದವಡೆ ಬೆಳೆಯುವಾಗಲೇ ಮಾಡಬೇಕಾದದ್ದೋ ಅಲ್ಲವೋ ಎಂಬುದನ್ನು ಮಾತ್ರ ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ವಸಡು, ಎಲುಬು ಗಟ್ಟಿಯಿದ್ದರೆ ಸಾಲು ಸರಿಪಡಿಸುವುದು ದೊಡ್ಡವರಾದ ಮೇಲೂ ಆಗುತ್ತದೆ.

ದಿನಾ ಬ್ರಷ್ ಮಾಡುವವಳು, ನೋವು ತಿನ್ನುವವಳು, ಕಡಲೆ ಕಬ್ಬು ಬಿಡಬೇಕಾದವಳು ನೀನೇ. ಹೊರಡುವ ಹಿಂದಿನ ರಾತ್ರಿ ಅವ್ವ ಅಪ್ಪನ ಹತ್ತಿರ ಕೂತು ನಿನಗೆ ಏನು ಬೇಕೆಂದು ಹೇಳು. ಬೇಡ ಅನ್ನಿಸಿದ್ದರೆ, ಅದನ್ನೂ ಹೇಳವ್ವಾ.

ಇತಿ,
ನಿನ್ನ ಹಿತ ಬಯಸುವ ಹಿರಿಯ